ಒಂದು ರೂಪಾಯಿಗೆ ಎಷ್ಟು ಆಹಾರ?

ತರಗತಿಯ ಪ್ರಯೋಗಶಾಲೆಯಲ್ಲಿ ನಾವು ನೀರನ್ನು ಕಾಯಿಸಿ, ಉಷ್ಣಮಾಪಕವನ್ನು ನೋಡಿ, ಇಷ್ಟು ಕ್ಯಾಲೊರಿ ಶಾಖ ವ್ಯಯವಾಯಿತೆಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಅದೇ ಕ್ಯಾಲೊರಿಯು ಮಧ್ಯಾಹ್ನ ನಾವು ಉಣ್ಣುವ ಗಂಜಿಯ ಬಟ್ಟಲಿನಲ್ಲಿಯೂ ಇದೆಯೆಂಬುದು ಬಹುಮಂದಿಗೆ ನೆನಪಾಗುವುದಿಲ್ಲ. ಕೋಟ, ಸಾಲಿಗ್ರಾಮ, ಬ್ರಹ್ಮಾವರ, ಕುಂದಾಪುರಗಳ ಕಡೆ ಬಾಡಿಗೆಯ ಕೋಣೆ ಹಿಡಿದು, ಸ್ವಯಂಪಾಕ ಮಾಡಿಕೊಂಡು ಓದುವ ತರುಣರಿದ್ದಾರೆ. ಅಂಥವನೊಬ್ಬನು ವಾರದ ಊಟದ ಸಾಮಗ್ರಿಗೆ ೫೦೦ ರೂಪಾಯಿಗಿಂತ ಹೆಚ್ಚು ವ್ಯಯಿಸಲಾರನೆಂದು ಇಟ್ಟುಕೊಳ್ಳೋಣ. ಆ ಹಣದಲ್ಲಿ ಹೊಟ್ಟೆ ತುಂಬಬಹುದು. ಆದರೆ ದೇಹಕ್ಕೆ ಬೇಕಾದುದೆಲ್ಲ ದೊರೆಯುವುದೇ? ಈ ಪ್ರಶ್ನೆಗೆ ಉಪದೇಶದಿಂದಲ್ಲ, ಲೆಕ್ಕದಿಂದ ಉತ್ತರ ಹೇಳಬೇಕಾಗಿದೆ.

ಮೊದಲು ದೇಹವೆಂಬ ಯಂತ್ರದ ಅಗತ್ಯವನ್ನು ಅಳೆಯೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗಳು ೨೦೨೦ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, ೬೫ ಕಿಲೋಗ್ರಾಂ ತೂಕದ, ಹೆಚ್ಚು ಮೈದಣಿಯದ ಪುರುಷನಿಗೆ ದಿನಕ್ಕೆ ೨೧೧೦ ಕ್ಯಾಲೊರಿ ಶಕ್ತಿಯೂ ೫೪ ಗ್ರಾಂ ಪ್ರೋಟೀನೂ ಬೇಕು. (ಆಹಾರದ ಕ್ಯಾಲೊರಿಯು ಪ್ರಯೋಗಶಾಲೆಯ ಚಿಕ್ಕ ಕ್ಯಾಲೊರಿಯ ಸಾವಿರಪಾಲು ಎಂಬುದನ್ನು ಮರೆಯಬಾರದು.) ೨೧೧೦ ಕ್ಯಾಲೊರಿಯನ್ನು ಜೂಲಿಗೆ ಪರಿವರ್ತಿಸಿ, ಒಂದು ದಿನದ ೮೬,೪೦೦ ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು ೧೦೨ ವಾಟ್ ಬರುತ್ತದೆ. ಎಂದರೆ, ಓದುತ್ತ ಕುಳಿತ ವಿದ್ಯಾರ್ಥಿಯು ಹಳೆಯ ಕಾಲದ ನೂರು ವಾಟಿನ ದೀಪವೊಂದು ಹಗಲೂ ರಾತ್ರಿಯೂ ಉರಿಯುವಷ್ಟು ಶಕ್ತಿಯನ್ನು ಸುಮ್ಮನೆ ವ್ಯಯಿಸುತ್ತಿರುತ್ತಾನೆ. ಗದ್ದೆಯಲ್ಲಿ ದುಡಿಯುವವನಿಗೆ ಇನ್ನೂ ಹೆಚ್ಚು ಬೇಕೆಂದು ಹೇಳಬೇಕಾಗಿಲ್ಲ.

ಈ ದೀಪಕ್ಕೆ ಎಣ್ಣೆಯನ್ನು ಅತಿ ಸುಲಭ ಬೆಲೆಗೆ ಕೊಡುವ ವಸ್ತು ಯಾವುದು? ಬೆಲೆಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಆದುದರಿಂದ ಲೆಕ್ಕಕ್ಕಾಗಿ ಕೆಲವು ಬೆಲೆಗಳನ್ನು ಕಲ್ಪಿಸಿಕೊಳ್ಳೋಣ. ವಾಚಕರು ತಮ್ಮ ಅಂಗಡಿಯ ಬೆಲೆಯನ್ನು ಅದರ ಸ್ಥಾನದಲ್ಲಿಟ್ಟು ಮತ್ತೆ ಗುಣಿಸಬಹುದು. ಕುಚ್ಚಲಕ್ಕಿ ಕಿಲೋಗೆ ೫೦ ರೂಪಾಯಿಯಾದರೆ ಒಂದು ರೂಪಾಯಿಗೆ ೨೦ ಗ್ರಾಂ ಬರುತ್ತದೆ. ಅದರಲ್ಲಿ ಸುಮಾರು ೭೦ ಕ್ಯಾಲೊರಿ, ಒಂದೂವರೆ ಗ್ರಾಂ ಪ್ರೋಟೀನು. ಹುರುಳಿ ೮೦ ರೂಪಾಯಿಯಾದರೆ ಒಂದು ರೂಪಾಯಿಗೆ ೪೦ ಕ್ಯಾಲೊರಿ ಮಾತ್ರ. ಆದರೆ ಪ್ರೋಟೀನು ೨.೭ ಗ್ರಾಂ. ನೆಲಗಡಲೆ ೧೪೦ ರೂಪಾಯಿಗೆ ದೊರೆತರೆ ೪೦ ಕ್ಯಾಲೊರಿ, ೧.೮ ಗ್ರಾಂ ಪ್ರೋಟೀನು. ಲೀಟರಿಗೆ ೪೬ ರೂಪಾಯಿಯ ಹಾಲಿನಲ್ಲಿ ೧೪ ಕ್ಯಾಲೊರಿ, ೦.೭ ಗ್ರಾಂ, ೭ ರೂಪಾಯಿಯ ಮೊಟ್ಟೆಯಲ್ಲಿ ೧೦ ಕ್ಯಾಲೊರಿ, ೦.೯ ಗ್ರಾಂ. ಇನ್ನು, ಬಸ್ ನಿಲ್ದಾಣದ ಅಂಗಡಿಯಲ್ಲಿ ಹತ್ತು ರೂಪಾಯಿಗೆ ೫೫ ಗ್ರಾಂ ತೂಗುವ ಬಿಸ್ಕತ್ತಿನ ಪೊಟ್ಟಣವನ್ನು ಕೊಂಡರೆ, ಒಂದು ರೂಪಾಯಿಗೆ ದೊರೆಯುವುದು ೨೫ ಕ್ಯಾಲೊರಿ. ಪ್ರೋಟೀನು ಅರ್ಧ ಗ್ರಾಮಿಗಿಂತಲೂ ಕಡಮೆ. ಹಸಿವಿನ ಹೊತ್ತಿನಲ್ಲಿ ಚಹಾ ಬಿಸ್ಕತ್ತುಗಳೇ ಬಡವನ ಆಹಾರವೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಲೆಕ್ಕದ ಮುಂದೆ ಅದು ಸಿರಿವಂತನ ಆಹಾರವೆಂದೇ ತೋರುತ್ತದೆ.

ಶಕ್ತಿಯೊಂದನ್ನೇ ನೋಡಿದರೆ ಅಕ್ಕಿಯನ್ನು ಗೆಲ್ಲುವ ವಸ್ತುವಿಲ್ಲ. ದಿನಕ್ಕೆ ೬೧೦ ಗ್ರಾಂ ಅಕ್ಕಿಯನ್ನು ಬೇಯಿಸಿ ಉಂಡರೆ ೨೧೧೦ ಕ್ಯಾಲೊರಿಯೂ ಪೂರ್ಣವಾಗುತ್ತದೆ. ವಾರದ ಖರ್ಚು ೨೧೪ ರೂಪಾಯಿಗೆ ನಿಲ್ಲುತ್ತದೆ. ಪಡಿತರದ ಅಕ್ಕಿ ಸಿಗುವ ಮನೆಯಲ್ಲಿ ಅದೂ ಇಲ್ಲ. ಆದರೆ ಇಲ್ಲಿಯೇ ಅಪಾಯ ಅಡಗಿದೆ. ಈ ಅಕ್ಕಿಯಲ್ಲಿ ಪ್ರೋಟೀನು ೪೮ ಗ್ರಾಮಿನಷ್ಟಿದ್ದರೂ ಅದು ಅಪೂರ್ಣವಾದುದು. ಹಿಂದಿನ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುತ್ತಿದ್ದವನಿಗೆ ಒಂದು ಅಕ್ಷರದ ಮೊಳೆಗಳು ಮುಗಿದರೆ, ಉಳಿದ ಅಕ್ಷರಗಳು ರಾಶಿಯಾಗಿ ಬಿದ್ದಿದ್ದರೂ ಪುಟ ಮುಂದುವರಿಯುತ್ತಿರಲಿಲ್ಲ. ದೇಹವು ತನ್ನ ಪ್ರೋಟೀನುಗಳನ್ನು ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮೊಳೆಗಳಿಂದ ಜೋಡಿಸುತ್ತದೆ. ಅಕ್ಕಿಯಲ್ಲಿ ಲೈಸೀನ್ ಎಂಬ ಮೊಳೆ ಕಡಮೆ. ದ್ವಿದಳ ಧಾನ್ಯಗಳಲ್ಲಿ ಅದು ಹೇರಳವಾಗಿದೆ. ಅವುಗಳಲ್ಲಿ ಕಡಮೆಯಾಗಿರುವ ಮೆಥಿಯೊನೀನ್ ಅಕ್ಕಿಯಲ್ಲಿ ಸಾಕಷ್ಟಿದೆ. ಅನ್ನಕ್ಕೆ ಹುರುಳಿಸಾರು, ಅಕ್ಕಿಗೆ ಉದ್ದು ಬೆರೆಸಿದ ಇಡ್ಲಿ ದೋಸೆಗಳು ರುಚಿಗಾಗಿ ಮಾತ್ರ ಹುಟ್ಟಿದವಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಅವು ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿಗಳೆಂಬುದು ನಿಶ್ಚಯ. ಇನ್ನು ಎ ಜೀವಸತ್ವ, ಸಿ ಜೀವಸತ್ವ, ಸುಣ್ಣದಂಶ ಇವುಗಳ ವಿಷಯದಲ್ಲಿ ಅಕ್ಕಿಯು ಬಹುಮಟ್ಟಿಗೆ ಬರಿಗೈಯದು.

ಹೀಗೆ ಹಲವು ಅಗತ್ಯಗಳನ್ನು ಏಕಕಾಲದಲ್ಲಿ ಪೂರೈಸಿ, ಖರ್ಚನ್ನು ಮಾತ್ರ ಕನಿಷ್ಠಗೊಳಿಸುವ ಪ್ರಶ್ನೆ ಗಣಿತದಲ್ಲಿ ಪ್ರಸಿದ್ಧವಾಗಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ೧೯೪೫ರಲ್ಲಿ ಅದನ್ನು ಬರೆದು ಪ್ರಕಟಿಸಿದನು. ೭೭ ಆಹಾರವಸ್ತುಗಳು, ೯ ಪೋಷಕಾಂಶಗಳು. ಒಬ್ಬ ಮನುಷ್ಯನು ವರ್ಷವಿಡೀ ಆರೋಗ್ಯದಿಂದಿರಲು ಬೇಕಾದ ಕನಿಷ್ಠ ಖರ್ಚೆಷ್ಟು? ಅವನು ಯುಕ್ತಿಯಿಂದಲೂ ಪ್ರಯತ್ನದಿಂದಲೂ ಕಂಡುಕೊಂಡ ಉತ್ತರ, ೧೯೩೯ರ ಬೆಲೆಗಳಂತೆ, ವರ್ಷಕ್ಕೆ ೩೯ ಡಾಲರ್ ೯೩ ಸೆಂಟ್. ಗೋಧಿಹಿಟ್ಟು, ಡಬ್ಬಿಯ ಹಾಲು, ಎಲೆಕೋಸು, ಪಾಲಕ್, ಒಣ ಅವರೆಜಾತಿಯ ಕಾಳು, ಇವೈದೇ ಅವನ ಊಟ. ೧೯೪೭ರಲ್ಲಿ ಜಾರ್ಜ್ ಡ್ಯಾಂಟ್ಸಿಗ್ ಎಂಬ ಗಣಿತಜ್ಞನು ಇಂಥ ಪ್ರಶ್ನೆಗಳನ್ನು ಬಿಡಿಸುವ ಕ್ರಮಬದ್ಧ ವಿಧಾನವೊಂದನ್ನು ರೂಪಿಸಿದಾಗ, ಅದನ್ನು ಪರೀಕ್ಷಿಸಲು ಆರಿಸಿಕೊಂಡ ಮೊದಲ ದೊಡ್ಡ ಲೆಕ್ಕವೇ ಇದು. ಕೈಯಿಂದ ನಡೆಸುವ ಗಣಕಯಂತ್ರಗಳ ಮುಂದೆ ಜನರನ್ನು ಕೂರಿಸಿ, ಒಬ್ಬನ ದುಡಿಮೆಯಿಂದ ಎಣಿಸಿದರೆ ಸುಮಾರು ೧೨೦ ದಿನಗಳ ಕೆಲಸದ ಬಳಿಕ ಉತ್ತರ ಬಂತು: ೩೯ ಡಾಲರ್ ೬೯ ಸೆಂಟ್. ಸ್ಟಿಗ್ಲರನ ಊಹೆ ತಪ್ಪಿದ್ದು ೨೪ ಸೆಂಟಿನಷ್ಟು ಮಾತ್ರ!

ಡ್ಯಾಂಟ್ಸಿಗ್ ಮುಂದೆ ತನ್ನ ಸ್ವಂತ ಪಥ್ಯವನ್ನೂ ಯಂತ್ರಕ್ಕೇ ಒಪ್ಪಿಸಿ ನೋಡಿದನು. ಯಂತ್ರವು ದಿನಕ್ಕೆ ೫೦೦ ಗ್ಯಾಲನ್ ವಿನೆಗರ್ ಕುಡಿಯಬೇಕೆಂದು ವಿಧಿಸಿತು. ನೀರಿನಂಶವನ್ನು ಕಳೆದ ತೂಕ ಹೆಚ್ಚಿದಷ್ಟೂ ಹೊಟ್ಟೆ ತುಂಬುವುದೆಂದು ಅವನು ಹಿಡಿದಿದ್ದನು. ಕೋಷ್ಟಕದಲ್ಲಿ ವಿನೆಗರಿಗೆ ನೀರಿನಂಶವೇ ಇರಲಿಲ್ಲ! ಲೆಕ್ಕವು ನಾವು ಕೇಳಿದುದಕ್ಕೆ ಉತ್ತರ ಕೊಡುತ್ತದೆ, ಕೇಳದೆ ಬಿಟ್ಟುದಕ್ಕಲ್ಲ. ರುಚಿ, ರೂಢಿ, ಋತುಮಾನ, ಒಲೆಯ ಉರುವಲು ಇವು ಸ್ಟಿಗ್ಲರನ ಕೋಷ್ಟಕದಲ್ಲಿ ಇರಲಿಲ್ಲ. ಕೋಟದ ಅಡುಗೆಮನೆಯಲ್ಲಿ ಅವೆಲ್ಲ ಇವೆ. ಆದುದರಿಂದ ಆ ಐದು ವಸ್ತುಗಳ ಸ್ಥಾನದಲ್ಲಿ ನಮ್ಮ ನೆಲದಲ್ಲಿ ಏನಿದೆಯೆಂದು ನೋಡುವುದು ಉಚಿತ.

ಗೋಧಿಯ ಸ್ಥಾನದಲ್ಲಿ ಕುಚ್ಚಲಕ್ಕಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಬಳಿಕ ಗಿರಣಿಗೆ ಹಾಕುವುದೇ ಕುಚ್ಚಲಕ್ಕಿಯ ಕ್ರಮ. ಈ ಬೇಯುವಿಕೆಯಲ್ಲಿ ಒಂದು ಭೌತಕ್ರಿಯೆ ನಡೆಯುತ್ತದೆ. ನೀರಿನಲ್ಲಿ ಕರಗುವ ಬಿ ಜೀವಸತ್ವಗಳು ಹೊರಗಣ ತೌಡಿನ ಪದರದಿಂದ ಒಳಗಣ ಪಿಷ್ಟದ ಕಡೆಗೆ ಪಸರಿಸುತ್ತವೆ. ಪಿಷ್ಟವು ಬೆಂದು ಬಿಗಿಯಾಗಿ ಅವುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಗಿರಣಿಯು ತೌಡನ್ನು ಉಜ್ಜಿ ತೆಗೆದರೂ ಎಲ್ಲವೂ ಹೋಗುವುದಿಲ್ಲ. ಬೆಳ್ತಿಗೆ ಅಕ್ಕಿಯಲ್ಲಿ ಆ ರಕ್ಷಣೆಯಿಲ್ಲ. ದಕ್ಷಿಣ ಕನ್ನಡವೂ ಸೇರಿದ್ದ ಹಿಂದಿನ ಮದರಾಸು ಪ್ರಾಂತದಲ್ಲಿ ಇದರ ಪರಿಣಾಮ ಕಣ್ಣಿಗೆ ಕಟ್ಟುವಂತಿತ್ತು. ಬಿ೧ ಜೀವಸತ್ವದ ಕೊರತೆಯಿಂದ ಕಾಲುಗಳು ಸೋತು ಹೃದಯವು ಕೆಡುವ ಬೆರಿಬೆರಿ ರೋಗವು, ಗಿರಣಿಯ ಬೆಳ್ತಿಗೆ ಅಕ್ಕಿ ಉಣ್ಣುತ್ತಿದ್ದ ಆಂಧ್ರದ ಕರಾವಳಿಯಲ್ಲಿ ನೆಲೆಸಿತ್ತು. ಕುಚ್ಚಲಕ್ಕಿಯ ಪ್ರದೇಶಗಳಲ್ಲಿ ಅಪರೂಪವಾಗಿತ್ತು. ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ೧೯೧೮ರಲ್ಲಿ ಆರಂಭಿಸಿದ ಬೆರಿಬೆರಿ ಶೋಧನೆಯ ಚಿಕ್ಕ ಪ್ರಯೋಗಶಾಲೆಯೇ ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಹೋಗಿ, ಮೇಲೆ ಹೇಳಿದ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅನ್ನ ಬಸಿದು ತಿಳಿಯನ್ನು ಚೆಲ್ಲುವವರು ಮಾತ್ರ ಈ ಲಾಭದ ಒಂದಂಶವನ್ನು ಬಚ್ಚಲಿಗೆ ಕಳುಹಿಸುತ್ತಾರೆ. ತಿಳಿಯೊಡನೆ ಉಣ್ಣುವ ಗಂಜಿಯೂಟದಲ್ಲಿ ಆ ನಷ್ಟವಿಲ್ಲ.

ಕಾಳಿನ ಸ್ಥಾನದಲ್ಲಿ ಹುರುಳಿ. ಕೋಟದ ಸುತ್ತಣ ಗದ್ದೆಗಳಲ್ಲಿ ಮಳೆಗಾಲದ ಭತ್ತವನ್ನು ಕೊಯ್ದ ಬಳಿಕ, ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಉದ್ದು, ಹುರುಳಿ, ನೆಲಗಡಲೆಗಳನ್ನು ಬಿತ್ತುವ ವಾಡಿಕೆಯಿದೆ. ಇವುಗಳಲ್ಲಿ ಉದ್ದಿಗೆ ಮರ್ಯಾದೆ ಹೆಚ್ಚು, ಹುರುಳಿಗೆ ಕಡಮೆ. ಕಂಬಳದ ಕೋಣಗಳಿಗೆ ಬೇಯಿಸಿ ಹಾಕುವ ಕಾಳು ಎಂಬ ತಾತ್ಸಾರವೇ ಅದಕ್ಕೆ ಕಾರಣವಿರಬೇಕು. ಕೋಣವು ಅದನ್ನು ತಿಂದು ಕೆಸರಿನಲ್ಲಿ ಹೇಗೆ ಓಡುತ್ತದೆಂಬುದನ್ನು ನೋಡಿದವರಾದರೂ ಆ ತಾತ್ಸಾರವನ್ನು ಬಿಡಬೇಕಾಗಿತ್ತು. ನೂರು ಗ್ರಾಂ ಹುರುಳಿಯಲ್ಲಿ ೨೨ ಗ್ರಾಂ ಪ್ರೋಟೀನು, ೨೭೦ ಮಿಲಿಗ್ರಾಮಿನಷ್ಟು ಸುಣ್ಣದಂಶ, ಏಳೆಂಟು ಮಿಲಿಗ್ರಾಂ ಕಬ್ಬಿಣದಂಶ ಇವೆ. ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಸಿ ಜೀವಸತ್ವ ಹೊಸದಾಗಿ ಹುಟ್ಟುತ್ತದೆ. ಕಬ್ಬಿಣವನ್ನು ಬಿಗಿಹಿಡಿದಿರುವ ಫೈಟಿಕ್ ಆಮ್ಲವೂ ಕಡಮೆಯಾಗುತ್ತದೆ.

ಈ ಕಬ್ಬಿಣದ ಮಾತನ್ನು ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಕರ್ನಾಟಕದಲ್ಲಿ ಅರ್ಧಕ್ಕೆ ಸಮೀಪದಷ್ಟು. ಪುರುಷನಿಗೆ ದಿನಕ್ಕೆ ೧೯ ಮಿಲಿಗ್ರಾಂ ಕಬ್ಬಿಣ ಸಾಕೆಂದರೆ ಸ್ತ್ರೀಗೆ ೨೯ ಬೇಕು. ಸಸ್ಯಾಹಾರದ ಕಬ್ಬಿಣದಲ್ಲಿ ದೇಹವು ಹೀರಿಕೊಳ್ಳುವುದು ಅಲ್ಪಭಾಗ. ಊಟದೊಡನೆ ಸಿ ಜೀವಸತ್ವವಿದ್ದರೆ ಆ ಭಾಗ ಹೆಚ್ಚುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದರ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಹುರುಳಿಸಾರನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡುವುದಕ್ಕೂ, ಚಹಾವನ್ನು ಒಂದು ಗಂಟೆ ಮುಂದೂಡುವುದಕ್ಕೂ ಹೆಚ್ಚಿನ ಹಣ ಬೇಡ. ಇಳಿಸಿದ ಮೇಲೆಯೇ ಹಿಂಡಬೇಕು; ಸಿ ಜೀವಸತ್ವವು ಕುದಿತಕ್ಕೆ ತಾಳುವುದಿಲ್ಲ.

ನೆಲಗಡಲೆಯು ಪ್ರೋಟೀನಿನೊಡನೆ ಎಣ್ಣೆಯನ್ನೂ ಕೊಡುತ್ತದೆ. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಬಡವರಿಗಾಗಿ ತಯಾರಿಸಿದ ಬಹೂಪಯೋಗಿ ಆಹಾರದಲ್ಲಿ ನೂರಕ್ಕೆ ೭೫ ಪಾಲು ನೆಲಗಡಲೆಯ ಹಿಟ್ಟು, ಉಳಿದದ್ದು ಕಡಲೆಹಿಟ್ಟು. ಆದರೆ ಕರಾವಳಿಯ ತೇವದಲ್ಲಿ ನೆಲಗಡಲೆಗೆ ಬೇಗನೆ ಬೂಷ್ಟು ಹಿಡಿಯುತ್ತದೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುದಕ್ಕೆ, ಅವು ತಿಂದ ನೆಲಗಡಲೆಯ ಹಿಂಡಿಯ ಬೂಷ್ಟಿನಲ್ಲಿದ್ದ ಅಫ್ಲಟಾಕ್ಸಿನ್ ಎಂಬ ವಿಷವೇ ಕಾರಣವೆಂದು ತಿಳಿದುಬಂದಿತು. ಹುರಿದರೂ ಆ ವಿಷ ಪೂರ್ತಿಯಾಗಿ ಹೋಗುವುದಿಲ್ಲ. ಕಪ್ಪಾದ, ಸುಕ್ಕಿದ, ಕಹಿ ಬೀಜವನ್ನು ಉಳಿತಾಯದ ಹೆಸರಿನಲ್ಲಿ ತಿನ್ನಲೇಬಾರದು.

ಎಲೆಕೋಸು ಪಾಲಕ್‌ಗಳ ಸ್ಥಾನದಲ್ಲಿ ಹೆಸರಿಸಬೇಕಾದ ಸೊಪ್ಪುಗಳಿಗೆ ಲೆಕ್ಕವಿಲ್ಲ. ನುಗ್ಗೆ, ಹರಿವೆ, ಬಸಳೆ, ಕೆಸು, ಒಂದೆಲಗ. ಇವುಗಳಲ್ಲಿ ಹಲವು ಹಿತ್ತಲಿನಲ್ಲಿ ಕೇಳುವವರಿಲ್ಲದೆ ಬೆಳೆದಿರುತ್ತವೆ. ನುಗ್ಗೆಸೊಪ್ಪಿನ ನೂರು ಗ್ರಾಮಿನಲ್ಲಿ ೩೦೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದೆ. ಎ ಜೀವಸತ್ವಕ್ಕೆ ಮೂಲವಾದ ಕ್ಯಾರೋಟಿನ್ ಸಮೃದ್ಧವಾಗಿದೆ. ಕ್ಯಾರೋಟಿನ್ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಮಾತ್ರ ಕರಗುವುದರಿಂದ, ಪಲ್ಯಕ್ಕೆ ಸ್ವಲ್ಪ ಕಾಯಿತುರಿಯೋ ಎಣ್ಣೆಯ ಒಗ್ಗರಣೆಯೋ ಇರುವುದು ಅವಶ್ಯ. ಒಂದೆಲಗವನ್ನು ಹಸಿಯಾಗಿಯೇ ಅರೆದು ಮಜ್ಜಿಗೆ ಬೆರೆಸಿದ ತಂಬುಳಿಗೆ ಉರುವಲಿನ ಖರ್ಚೂ ಇಲ್ಲವೆಂಬುದು ಅದರ ಇನ್ನೊಂದು ಗುಣ.

ಮೀನು ತಿನ್ನುವವರಿಗೆ ಬೈಗೆ, ಎಂದರೆ ಬೂತಾಯಿ, ಇದೆ. ಕಿಲೋಗೆ ೧೫೦ ರೂಪಾಯಿಯ ಬೈಗೆಯಲ್ಲಿ ತಲೆ, ಕರುಳು ಕಳೆದು ಒಂದು ರೂಪಾಯಿಗೆ ಮುಕ್ಕಾಲು ಗ್ರಾಂ ಪ್ರೋಟೀನು ಬರುತ್ತದೆ. ಬಲೆ ತುಂಬಿ ಬಂದು ಬೆಲೆ ೬೦ಕ್ಕೆ ಇಳಿದ ದಿನ ಎರಡು ಗ್ರಾಮಿನ ಸಮೀಪಕ್ಕೆ ಹೋಗುತ್ತದೆ. ಹೃದಯಕ್ಕೆ ಹಿತವಾದ ಮೀನೆಣ್ಣೆ, ಡಿ ಜೀವಸತ್ವ, ಸಸ್ಯಗಳಲ್ಲಿ ದೊರೆಯದ ಬಿ೧೨ ಇವು ಲೆಕ್ಕಕ್ಕೆ ಹೊರತಾದ ಲಾಭ. ಮೆತ್ತಗೆ ಬೆಂದ ಮುಳ್ಳನ್ನೂ ಅಗಿದರೆ ಸುಣ್ಣದಂಶವೂ ದೊರೆಯುತ್ತದೆ. ಅಂಜಲನ್ನು ಕೊಳ್ಳುವವನು ಹೆಸರಿಗೆ ಹಣ ಕೊಡುತ್ತಾನೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಬೆಲೆ ಏರುತ್ತದೆ. ಆ ತಿಂಗಳುಗಳಲ್ಲಿ ಒಣಮೀನು, ಮೊಟ್ಟೆ, ಹಲಸಿನ ಬೀಜ ಬೆರೆಸಿದ ಹುರುಳಿಸಾರು ಇವುಗಳ ಕಡೆ ತಿರುಗಬೇಕು.

ಈಗ ಆ ೫೦೦ ರೂಪಾಯಿಯನ್ನು ಹಂಚೋಣ. ದಿನಕ್ಕೆ ೪೦೦ ಗ್ರಾಮಿನಂತೆ ವಾರಕ್ಕೆ ೨.೮ ಕಿಲೋ ಅಕ್ಕಿಗೆ ೧೪೦ ರೂಪಾಯಿ. ಹುರುಳಿ ದಿನಕ್ಕೆ ೫೦ ಗ್ರಾಂ. ವಾರಕ್ಕೆ ೨೮ ರೂಪಾಯಿ. ಉದ್ದು ವಾರಕ್ಕೆ ೧೪೦ ಗ್ರಾಂ, ೧೮ ರೂಪಾಯಿ. ದಿನವೂ ಒಂದು ಹಿಡಿ, ಎಂದರೆ ೩೦ ಗ್ರಾಂ, ನೆಲಗಡಲೆಗೆ ೨೯ ರೂಪಾಯಿ. ಅಡುಗೆಯ ಎಣ್ಣೆಗೆ ೧೬, ಒಂದು ತೆಂಗಿನಕಾಯಿಗೆ ೩೫, ದಿನಕ್ಕೆ ೨೦೦ ಮಿಲಿಲೀಟರ್ ಹಾಲಿಗೆ ೬೪. ಇಲ್ಲಿಯವರೆಗೆ ೩೩೦ ರೂಪಾಯಿ. ಶಕ್ತಿ ದಿನಕ್ಕೆ ೨೨೦೦ ಕ್ಯಾಲೊರಿ, ಪ್ರೋಟೀನು ೬೦ ಗ್ರಾಮಿಗೂ ಮಿಕ್ಕಿ. ಸೊಪ್ಪು, ತರಕಾರಿ, ನಿಂಬೆ, ಪೇರಳೆಗಳಿಗೆ ೬೦ ರೂಪಾಯಿ. ಅರ್ಧ ಕಿಲೋ ಬೈಗೆಗೆ ೭೫. ಉಪ್ಪು, ಮೆಣಸು, ಹುಣಿಸೆ, ಬೆಲ್ಲಕ್ಕೆ ೩೦. ಒಟ್ಟು ೪೯೫. ಮೀನು ಮುಟ್ಟದವರು ಆ ೭೫ ರೂಪಾಯಿಯಲ್ಲಿ ಇನ್ನೂ ಒಂದೂವರೆ ಲೀಟರ್ ಹಾಲು ಕೊಂಡು ಮಜ್ಜಿಗೆ ಮಾಡಿಕೊಳ್ಳಬಹುದು.

ಈ ಪಟ್ಟಿಯಲ್ಲಿ ಬಿಗಿಯಾಗಿರುವುದು ಸುಣ್ಣದಂಶ. ಬೇಕಾದುದು ದಿನಕ್ಕೆ ೧೦೦೦ ಮಿಲಿಗ್ರಾಂ. ಹಾಲು, ಹುರುಳಿ, ೫೦ ಗ್ರಾಂ ನುಗ್ಗೆಸೊಪ್ಪು ಸೇರಿ ೫೦೦ರ ಆಸುಪಾಸಿಗೆ ನಿಲ್ಲುತ್ತವೆ. ಅಕ್ಕಿಯಲ್ಲಿ ೫೦ ಗ್ರಾಂ ಕಡಮೆ ಮಾಡಿ ರಾಗಿಯನ್ನು ಸೇರಿಸಿದರೆ ೧೮೦ ಬರುತ್ತದೆ. ಘಟ್ಟದ ಮೇಲಿನ ಧಾನ್ಯವೆಂದು ಕರಾವಳಿಯವರು ರಾಗಿಯನ್ನು ದೂರವಿಡುವುದಕ್ಕೆ ಶಾಸ್ತ್ರದ ಆಧಾರವೇನೂ ಇಲ್ಲ. ಅಂಬಲಿಯು ಗಂಜಿಯ ತಂಗಿಯೇ.

ಉರುವಲಿನ ಖರ್ಚು ಮೇಲಿನ ಲೆಕ್ಕದಲ್ಲಿ ಸೇರಿಲ್ಲ. ಅದೂ ಆಹಾರದ ಹಣವೇ. ಇಲ್ಲಿ ಪದಾರ್ಥವಿಜ್ಞಾನದ ಸಹಾಯ ನೇರವಾಗಿ ದೊರೆಯುತ್ತದೆ. ಕುಚ್ಚಲಕ್ಕಿ ಬೇಯಲು ಬೆಳ್ತಿಗೆಗಿಂತ ಬಹಳ ಹೊತ್ತು ಹಿಡಿಯುವುದೆಂಬ ದೂರಿದೆ. ಒಂದು ಮನೆಯ ಪಾತ್ರೆಯಲ್ಲಿ ನಾಲ್ಕು ಲೀಟರ್ ನೀರಿದೆಯೆನ್ನೋಣ. ಅದನ್ನು ೩೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಏರಿಸಲು ೨೮೦ ಕ್ಯಾಲೊರಿ ಸಾಕು. ಅನಂತರ ಮುಚ್ಚಳ ತೆಗೆದು ಮುಕ್ಕಾಲು ಗಂಟೆ ಭರದಿಂದ ಕುದಿಸುವಾಗ ಒಂದು ಲೀಟರ್ ನೀರು ಆವಿಯಾಗಿ ಹೋದರೆ, ಆ ಆವಿಯ ಗುಪ್ತೋಷ್ಣವೊಂದೇ ೫೪೦ ಕ್ಯಾಲೊರಿ! ನೀರು ಒಮ್ಮೆ ಕುದಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ನೂರನ್ನು ಮೀರುವುದಿಲ್ಲ. ಅಕ್ಕಿ ಬೇಗನೆ ಬೇಯುವುದೂ ಇಲ್ಲ. ಒಂದು ಕಿಲೋಗ್ರಾಂ ಅಡುಗೆ ಅನಿಲವು ೧೧,೦೦೦ ಕ್ಯಾಲೊರಿ ಕೊಟ್ಟು, ಅದರಲ್ಲಿ ನೂರಕ್ಕೆ ೬೦ ಪಾತ್ರೆಗೆ ತಲಪುವುದೆಂದು ಹಿಡಿದರೆ, ಆ ಆವಿಗೆ ವ್ಯಯವಾದ ಅನಿಲ ೮೨ ಗ್ರಾಂ. ಅನಿಲದ ಬೆಲೆ ಕಿಲೋಗೆ ೬೦ ರೂಪಾಯಿಯಾದರೆ ದಿನಕ್ಕೆ ೫ ರೂಪಾಯಿ, ವಾರಕ್ಕೆ ೩೫. ನಮ್ಮ ವಿದ್ಯಾರ್ಥಿಯ ವಾರದ ಹುರುಳಿಯ ಬೆಲೆ ೨೮ ರೂಪಾಯಿಯೆಂಬುದನ್ನು ನೆನೆದರೆ, ಆ ಮನೆಯವರು ಆವಿಯ ರೂಪದಲ್ಲಿ ಹುರುಳಿಯನ್ನೇ ಮಾಡಿನ ಸಂದಿಯಿಂದ ಹೊರಗೆ ಕಳುಹಿಸಿದಂತಾಯಿತು.

ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚಿ ನೀರಿನ ಕುದಿಬಿಂದು ೧೨೦ ಡಿಗ್ರಿಯ ಸಮೀಪಕ್ಕೆ ಏರುವುದರಿಂದ ಬೇಯುವ ಕಾಲ ಕುಗ್ಗುತ್ತದೆ. ಅದಿಲ್ಲದವರಿಗೆ ಬೈಹುಲ್ಲಿನ ಪೆಟ್ಟಿಗೆಯಿದೆ. ಅಕ್ಕಿಯ ಮುಡಿ ಕಟ್ಟಲು ನಮ್ಮ ಹಿರಿಯರು ಬಳಸುತ್ತಿದ್ದ ಹುಲ್ಲು ತನ್ನ ಎಳೆಗಳ ನಡುವೆ ಗಾಳಿಯನ್ನು ಸೆರೆಹಿಡಿಯುವುದರಿಂದ ಶಾಖವನ್ನು ಬಹು ನಿಧಾನವಾಗಿ ಬಿಡುತ್ತದೆ. ದಪ್ಪ ರಟ್ಟಿನ ಅಥವಾ ಮರದ ಪೆಟ್ಟಿಗೆಯಲ್ಲಿ ಎಲ್ಲ ಕಡೆಯೂ ನಾಲ್ಕೈದು ಅಂಗುಲ ಹುಲ್ಲನ್ನು ಒತ್ತಿ ತುಂಬಿ, ನಡುವೆ ಪಾತ್ರೆ ಕೂರುವಷ್ಟು ಗೂಡು ಮಾಡಬೇಕು. ನೆನೆಸಿದ ಅಕ್ಕಿಯನ್ನು ಮುಚ್ಚಳ ಮುಚ್ಚಿ ಹದಿನೈದು ನಿಮಿಷ ಕುದಿಸಿ, ಕುದಿಯುತ್ತಿರುವಾಗಲೇ ಇಳಿಸಿ, ಗೂಡಿನಲ್ಲಿಟ್ಟು, ಮೇಲೆ ಹುಲ್ಲು ತುಂಬಿದ ದಿಂಬನ್ನು ಒತ್ತಿಡಬೇಕು. ಒಂದೂವರೆ ಗಂಟೆಯಲ್ಲಿ ಅನ್ನ ಬೆಂದಿರುತ್ತದೆ. ಅಲ್ಪಸ್ವಲ್ಪ ಗಟ್ಟಿಯಿದ್ದರೆ ಮತ್ತೆ ಒಂದು ಕುದಿ ಬರಿಸಿದರೆ ಸಾಕು. ಒಳಗಿನ ಶಾಖವು ಹೊರಗೆ ಸೋರಿ ಉಷ್ಣತೆಯು ೬೦ ಡಿಗ್ರಿಗಿಂತ ಕೆಳಗಿಳಿದರೆ ಸೂಕ್ಷ್ಮಜೀವಿಗಳು ವೃದ್ಧಿಯಾಗುವುದರಿಂದ, ಪಾತ್ರೆಯನ್ನು ರಾತ್ರಿಯಿಂದ ಬೆಳಗಿನವರೆಗೆ ಹಾಗೆಯೇ ಬಿಡಬಾರದು.

ಪಾತ್ರೆ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದಾಗ ಹೊರಮೈ ಹೆಚ್ಚು. ಆದುದರಿಂದ ಬೇಗನೆ ತಣಿಯುತ್ತದೆ. ಒಬ್ಬನೇ ಬೇಯಿಸುವ ಒಂದು ಹಿಡಿ ಅಕ್ಕಿಗೆ ಈ ಪೆಟ್ಟಿಗೆ ಅಷ್ಟಾಗಿ ಒದಗದು. ಒಂದೇ ಓಣಿಯ ಮೂವರು ವಿದ್ಯಾರ್ಥಿಗಳು ಒಂದು ಪಾತ್ರೆಯಲ್ಲಿ ಬೇಯಿಸಿದರೆ ಚೆನ್ನಾಗಿ ಒದಗುತ್ತದೆ.